ಫೇಟಾದೊಳಗಿನ ಮಾತು

ಕಾಕಾ ಮೊದಲ ಭೇಟಿಯಲ್ಲೇ ನನ್ನ ಕಪಾಳಕ್ಕೆ ಬಾರಿಸಿದರು. ಎಡಗೈಯಿಂದ. ಬಲಗೈಯಲ್ಲಿ ಆಗಲೇ ಶಕ್ತಿ ಇರಲಿಲ್ಲ. ಇದ್ದಿದ್ದರೆ ನಿನ್ನ ಒಂದೆರಡು ಹಲ್ಲು ಹೋಗುತ್ತಿದ್ದವು ಎಂದು ಅವರ ಹೆಂಡತಿ ಆಮೇಲೆ ನನಗೆ ಸಮಾಧಾನ ಹೇಳಿದರು. ಹೇಳುವಾಗ ಅವರ ಬಾಯಲ್ಲಿ ಮುಂದಿನ ಎರಡು ಹಲ್ಲು ಇಲ್ಲದಿರುವುದು ಕಂಡಿತು. ಹೋದ ತಿಂಗಳು ಕಾಕಾ ತೀರಿಕೊಂಡರು. ಸತ್ತವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ರೂಢಿಯನ್ನು ನಾನು ಪಾಲಿಸುವವಳಲ್ಲ. ಕಾಕಾ ಕೂಡ ಪಾಲಿಸಿದವರಲ್ಲ, ವೈರಿ ಸತ್ತ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದ ಮನುಷ್ಯ ಅವರು.

ನಾನು ಸೊಲ್ಲಾಪುರದ ಟವೆಲ್ ವ್ಯಾಪಾರಿಯ ಮಗಳು. ಇಲ್ಲಿಯ ಒಂದು ಕಾಲೇಜಿನ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತೇನೆ. ಮಾತು ಕಳೆದುಕೊಂಡವರ ತಲೆಗೆ ಸೆನ್ಸರ್ ಇರುವ ಪಟ್ಟಿ ಕಟ್ಟಿ, ಅವರು ಬಾಯಿ ತೆರೆಯದೆ ಮನಸ್ಸಿನಲ್ಲೇ ಅಂದುಕೊಂಡ ಶಬ್ದವನ್ನು ಮಿದುಳಿನ ಅಲೆಗಳಿಂದ ಹಿಡಿಯುವ ಕೆಲಸ. ಕೇಳಲು ಬಹಳ ದೊಡ್ಡದು. ನಿಜವೇನೆಂದರೆ ನಮ್ಮ ಯಂತ್ರಕ್ಕೆ ಮೊದಲೇ ಕಲಿಸಿದ ಹತ್ತು ಹನ್ನೆರಡು ಶಬ್ದ ಬಿಟ್ಟರೆ ಬೇರೇನೂ ತಿಳಿಯದು. ಪರದೆಯ ಮೇಲೆ 'ನೀರು' ಎಂದು ಮೂಡಿದಾಗ ಎದುರು ಕೂತವರು ಮನಸ್ಸಿನಲ್ಲಿ ನೀರು ಅನ್ನಬೇಕು. ಹೀಗೆ ನೂರಾರು ಸಲ. ಆಮೇಲೆ ಪರದೆ ಖಾಲಿ ಇದ್ದರೂ ಅವರು ನೀರು ಅಂದುಕೊಂಡರೆ ಯಂತ್ರ ಗುರುತು ಹಿಡಿದು, ಪಕ್ಕದ ಪೆಟ್ಟಿಗೆಯಿಂದ ಗಟ್ಟಿಯಾಗಿ 'ನೀರು' ಅನ್ನಿಸುತ್ತದೆ. ಪಟ್ಟಿಯ ಪ್ಲಾಸ್ಟಿಕ್ ಭಾಗಗಳು ಚಿಂಚೋಳಿ ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಶೆಡ್ಡಿನಲ್ಲಿ ಆಗುತ್ತವೆ. ಒಳಗಿನ ಮೆತ್ತೆ ನಮ್ಮ ಅಂಗಡಿಯದೇ ಟವೆಲ್ ಬಟ್ಟೆ.

ನಾನು ಕಾಕಾ ಅನ್ನುತ್ತಿದ್ದ ಈ ಮುದುಕರು ನಮ್ಮಲ್ಲಿಗೆ ಬಂದ ರೋಗಿ, ಅಕ್ಕಲಕೋಟ ತಾಲೂಕಿನವರು. ಕುರನೂರ ಅಣೆಕಟ್ಟಿನ ಹಿನ್ನೀರಿಗೆ ತಾಗಿದ ಹೊಲ. ಅದೇ ನೀರಿಗಾಗಿ ದಾಯಾದಿಗಳ ಜೊತೆ ಅಜ್ಜನ ಕಾಲದಿಂದ ಜಗಳ; ಆ ಸೀಮೆಯವರು ಅದಕ್ಕೆ ಭಾವಬಂದಕಿ ಅನ್ನುತ್ತಾರೆ, ಮನೆದೇವರಷ್ಟೇ ನಿಷ್ಠೆಯಿಂದ ನಡೆಸಿಕೊಂಡು ಬರುತ್ತಾರೆ. ಒಂದು ಮಧ್ಯಾಹ್ನ ಕಾಕಾ ದಂಡೆಯ ಪಂಪಿನ ಹತ್ತಿರ ತಲೆಯ ಎಡಭಾಗ ಒಡೆದುಕೊಂಡು ಬಿದ್ದಿದ್ದರು. ಕಂಡವನು ದಾಯಾದಿ ಅಣ್ಣನ ಮಗ ಮಲ್ಲಿನಾಥ. ಅವನೇ ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಅಕ್ಕಲಕೋಟಕ್ಕೆ ಒಯ್ದ, ಅಲ್ಲಿಂದ ಸೊಲ್ಲಾಪುರಕ್ಕೆ ತಂದರು. ಜೀವ ಉಳಿಯಿತು, ಮಾತು ಹೋಯಿತು. ತಲೆ ಆಡಿಸಿ ಹೌದು ಅಲ್ಲ ಹೇಳಲೂ ಆಗುತ್ತಿರಲಿಲ್ಲ. ಏನು ಕೇಳಿದರೂ ತಲೆ ತಾನಾಗಿ ಮೇಲೆ ಕೆಳಗೆ ಆಡುತ್ತಿತ್ತು. ಕೈಗೆ ಬರಹ ಮೊದಲೂ ಅಷ್ಟಕ್ಕಷ್ಟೇ. ಯಾರೋ ಹೊಡೆದಿದ್ದಾರೆಂದೇ ಮನೆಯವರು ತಿಳಿದರು. ಹೊಡೆದವನು ಯಾರೆಂದು ನೋಡಿದ ಒಬ್ಬನೇ ಸಾಕ್ಷಿಯ ಬಾಯಿ ಹೀಗೆ ಮುಚ್ಚಿತ್ತು.

ನಾನು ಏಟು ತಿಂದದ್ದು ಪಟ್ಟಿ ಕಟ್ಟಲು ಅವರು ತಲೆಗೆ ಸುತ್ತಿದ್ದ ಫೇಟಾ ತೆಗೆಯ ಹೋಗಿ.

"ನಮ್ಮ ಮನ್ಯಾಗ ಗಂಡಸರು ಮಂದಿ ಮುಂದ ಫೇಟಾ ತಗಿಯೋದು ಹೆಣಾ ಎತ್ತುವಾಗ ಅಷ್ಟ, ತಂಗಿ," ಅಂದರು ಅವರ ಹೆಂಡತಿ. ಅವರನ್ನು ನಾನು ಕಾಕು ಅನ್ನುತ್ತಿದ್ದೆ. "ನೀ ಸೀದಾ ತೆಲಿಗೇ ಕೈ ಹಾಕಿದಿ."

ನನ್ನ ಕೆನ್ನೆ ಉರಿಯುತ್ತಿತ್ತು. "ಹಂಗಾದ್ರ ಫೇಟಾದಾಗನ ಇಟ್ಟು ಸುತ್ತರಿ," ಅಂದೆ, ಚುಚ್ಚಬೇಕೆಂದೇ. ಕಾಕು ಪಟ್ಟಿ ತೆಗೆದುಕೊಂಡು, ಗಂಡನನ್ನು ಬಾಗಿಲ ಮರೆಗೆ ಕರೆದೊಯ್ದು, ನಾನು ಹೇಳಿದ ಜಾಗಕ್ಕೆ ಸೆನ್ಸರ್ ಕೂರಿಸಿ ಮೇಲೆ ಬಿಗಿಯಾಗಿ ಫೇಟಾ ಸುತ್ತಿ ಕರೆತಂದರು. ಅಷ್ಟು ಸ್ವಚ್ಛ ಅಲೆಗಳನ್ನು ನಾವು ಅದುವರೆಗೆ ಕಂಡಿರಲಿಲ್ಲ. ನಮ್ಮ ಎಲಾಸ್ಟಿಕ್ ಹಿಡಿಯದಷ್ಟು ಗಟ್ಟಿಯಾಗಿ ಆ ಬಟ್ಟೆ ಹಿಡಿದಿತ್ತು. ಎಲಾಸ್ಟಿಕ್ ಪ್ರಯೋಗಾಲಯದ ಮುಖ್ಯಸ್ಥರಾದ ನಮ್ಮ ಸರ್ ಅವರ ಸ್ವಂತ ವಿನ್ಯಾಸ. ಎರಡು ದಿನ ಅವರು ನನ್ನ ಜೊತೆ ಮಾತಾಡಲಿಲ್ಲ.

ಮೊದಲ ತಿಂಗಳು ಏನೂ ದಕ್ಕಲಿಲ್ಲ. ಅರ್ಜಿಯಲ್ಲಿ ಮಗ ಭಾಷೆ ಮರಾಠಿ ಎಂದು ಬರೆಸಿದ್ದ, ನಾವು ಮರಾಠಿ ಶಬ್ದಗಳನ್ನೇ ಕಲಿಸುತ್ತಿದ್ದೆವು. ಕಾಕು ಒಂದು ದಿನ ನಕ್ಕರು. "ಇವರು ಮರಾಠಿ ಮಾತಾಡೋದು ತಹಶೀಲ ಕಚೇರ್ಯಾಗ ಅಷ್ಟ. ಬೈಯೋದು, ಬಡಿಯೋದು, ಹಸದೀನಿ ಅನ್ನೋದು ಎಲ್ಲಾ ಕನ್ನಡದಾಗ." ಶಬ್ದ ಬದಲಿಸಿದೆವು. ಪೆಟ್ಟಿಗೆಗೆ ದನಿ ತುಂಬಿದವನು ಮಗ ಸಿದ್ಧಾರಾಮ. ಅಪ್ಪ ಮಗನ ದನಿ ಒಂದೇ ಥರ ಎಂದು ಊರೆಲ್ಲ ಅನ್ನುತ್ತಿತ್ತಂತೆ. ಎರಡು ವಾರಕ್ಕೆ ಪೆಟ್ಟಿಗೆ ಮೊದಲ ಸಲ 'ಚಹಾ' ಅಂದಿತು. ಕಾಕು ಅಳುತ್ತಾ ಹೋಗಿ ಚಹಾ ತಂದರು. ಸಕ್ಕರೆ ಕಡಿಮೆ ಎಂದು ಕಾಕಾ ಆ ಕಪ್ಪನ್ನು ಗೋಡೆಗೆ ಎಸೆದರು.

ಇಂಥ ಮನುಷ್ಯ. ಮಂದ್ರೂಪಕ್ಕೆ ಹೋಗುವ ಬಸ್ಸು ಕೈ ಮಾಡಿದರೂ ನಿಲ್ಲಲಿಲ್ಲವೆಂದು, ಮರುದಿನ ರಸ್ತೆಗೆ ಎತ್ತಿನ ಗಾಡಿ ಅಡ್ಡ ಹಾಕಿ ಕಂಡಕ್ಟರನನ್ನು ಕೆಳಗಿಳಿಸಿ ಹೊಡೆದರು. ಹೊಡೆದು, ಅದೇ ಬಸ್ಸಿನಲ್ಲಿ ಟಿಕೆಟು ತೆಗೆಸಿ ಬೀಗರ ಮನೆಗೆ ಹೋದರು. ಸಿದ್ಧಾರಾಮನ ಬೆನ್ನಿನಲ್ಲಿ ಬಾರುಕೋಲಿನ ಬಾಸುಂಡೆ ಗುರುತುಗಳಿವೆ, ಅವನೇ ಅಂಗಿ ಎತ್ತಿ ತೋರಿಸಿದ್ದ, ಒಂದು ಥರದ ಹೆಮ್ಮೆಯಿಂದ. ನಮ್ಮ ಎರಡು ಪೆಟ್ಟಿಗೆಗಳನ್ನು ಕಾಕಾ ನೆಲಕ್ಕೆ ಬಡಿದು ಒಡೆದರು. ಆದರೆ ಕೆಲಸಕ್ಕೆ ಕೂತರೆ ಅವರಂಥ ಹಟವಾದಿಯನ್ನು ನಾನು ಕಂಡಿಲ್ಲ. ಬೇರೆಯವರು ಅರ್ಧ ಗಂಟೆಗೆ ದಣಿದರೆ ಇವರು ಪ್ರತಿ ಶಬ್ದಕ್ಕೂ ಎಡಗೈ ಮುಷ್ಟಿಯಿಂದ ತೊಡೆಗೆ ಗುದ್ದುತ್ತಾ ಮಧ್ಯಾಹ್ನದವರೆಗೆ ಕೂರುತ್ತಿದ್ದರು. ನನಗೆ ಅವರ ಮೇಲೆ ಪ್ರೀತಿ ಹುಟ್ಟಿತು. ಹುಟ್ಟಬಾರದಿತ್ತು, ಹುಟ್ಟಿತು.

ಸರ್ ಪುಣೆಗೆ ಹೋಗಿದ್ದ ವಾರ ಸಿದ್ಧಾರಾಮ ಒಂದು ಚೀಟಿ ಹಿಡಿದುಕೊಂಡು ಬಂದ. ಐದು ಹೆಸರು. ಮೂವರು ದಾಯಾದಿಗಳು, ಇಬ್ಬರು ಹೊಲದ ನೆರೆಯವರು. ಮೊದಲ ಹೆಸರು ಮಲ್ಲಿನಾಥನದು.

"ಮ್ಯಾಡಮ್, ಇವು ಐದು ಹೆಸರು ಮಶೀನಿಗೆ ಹಾಕ್ರಿ. ಹೊಡದಂವಾ ಇದರಾಗನ ಅದಾನ. ಯಾರಂತ ಅಪ್ಪಾನ ಹೇಳಲಿ."

"ಹೇಳಿದರ ಏನ್ಮಾಡತಿ?"

"ಪೊಲೀಸ್ ಚೌಕಿಗೆ ಹೋಗತೀನಿ. ಮತ್ತೇನ್ಮಾಡಲಿ?"

ನಾನು ಕಾಕಾನ ಕಡೆ ತಿರುಗಿ, "ಕಾಕಾ, ನಿಮಗ ಖರೇನ ಯಾರರೆ ಹೊಡದಾರೇನ್ರಿ?" ಅಂದೆ. 'ಹೌದು', 'ಅಲ್ಲ' ಆಗಲೇ ಕಲಿತಿದ್ದ ಪೆಟ್ಟಿಗೆ 'ಹೌದು' ಅಂದಿತು. ಮತ್ತೆ ಕೇಳಿದೆ. 'ಹೌದು.' ಇನ್ನು ಅನುಮಾನವೇಕೆ ಎಂದು ಒಪ್ಪಿಕೊಂಡೆ. ಇಷ್ಟೇ ಹೇಳಿ ನಿಲ್ಲಿಸಿದರೆ ನನ್ನ ತಪ್ಪು ಸಣ್ಣದಾಗಿ ಕಾಣುತ್ತದೆ. ನಿಜವೆಂದರೆ, ಮೂಕನಾದ ಸಾಕ್ಷಿಯ ತಲೆಯಿಂದ ಹೆಸರು ಹೊರತೆಗೆದವಳು ಎಂದು ನಾಲ್ಕು ಜನ ನನ್ನನ್ನು ಕರೆಯುವುದು ಆಗಲೇ ಕಿವಿಗೆ ಕೇಳಿಸುತ್ತಿತ್ತು.

ಸಿದ್ಧಾರಾಮ ಐದೂ ಹೆಸರನ್ನು ತನ್ನ ದನಿಯಲ್ಲಿ ತುಂಬಿಕೊಟ್ಟ. ಕಾಕಾನಿಗೆ ಕಲಿಸಲು ಕೂತೆ. ಹೆಸರು ಮೂಡಿದಾಗೆಲ್ಲ ಅವರು ಹಲ್ಲು ಕಚ್ಚುತ್ತಿದ್ದರು. ದವಡೆ ಬಿಗಿದರೆ ಅಲ್ಲಿನ ಸ್ನಾಯುವಿನ ಸದ್ದು ಮಿದುಳಿನ ಅಲೆಯನ್ನು ನುಂಗಿಬಿಡುತ್ತದೆ. "ಹಲ್ಲು ಸಡಲ ಬಿಡ್ರಿ ಕಾಕಾ," ಎಂದು ಹೇಳಿ ಹೇಳಿ ನನ್ನ ಬಾಯಿ ನೋಯಿತು. ಸಂಗ್ರಹಿಸಿದ್ದರಲ್ಲಿ ಹೆಚ್ಚಿನದು ಕಸ. ಆದರೂ ಇದ್ದುದರಲ್ಲೇ ಯಂತ್ರಕ್ಕೆ ಕಲಿಸಿದೆ.

ಹೆಸರು ಕಲಿಸಿ ಮುಗಿದ ದಿನ ಕಾಕು ಬಂದಿರಲಿಲ್ಲ. ಅಪ್ಪ ಮಗ ಜೋಳದ ಭಕ್ಕರಿ, ಶೇಂಗಾ ಚಟ್ನಿ ಉಂಡು ಕೂತಿದ್ದರು. ಐದು ಹೆಸರಷ್ಟನ್ನೇ ಇಟ್ಟು ಯಂತ್ರ ಓಡುತ್ತದೋ ಇಲ್ಲವೋ ನೋಡುತ್ತಿದ್ದೆ, ಕಣ್ಣೆಲ್ಲ ಪರದೆಯ ಮೇಲೆ. ಹಿಂದಿನಿಂದ ಸಿದ್ಧಾರಾಮ ಕೇಳಿದ. "ಅಪ್ಪಾ, ಯಾರು ಹೊಡದರು?"

'ಮಲ್ಲಿನಾಥ' ಅಂದಿತು ಪೆಟ್ಟಿಗೆ. ಅವನು ಇನ್ನೊಮ್ಮೆ ಕೇಳಿದ. 'ಮಲ್ಲಿನಾಥ.' ಮೂರನೆಯ ಸಲವೂ ಅದೇ.

ಅವರ ಊರಿನ ದೇವಿಯ ಗುಡಿಯಲ್ಲಿ ಕೌಲ ಕೇಳುವ ಪದ್ಧತಿ ಇದೆ. ಮೂರ್ತಿಯ ಎರಡೂ ಬದಿಗೆ ಹೂವು ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಮೂರು ಸಲ ಒಂದೇ ಬದಿಯ ಹೂವು ಬಿದ್ದರೆ ಅದು ದೇವಿಯ ಮಾತು, ಆಮೇಲೆ ಮತ್ತೆ ಕೇಳುವಂತಿಲ್ಲ. ಮದುವೆ, ಬಾವಿ, ಹೊಲದ ಪಾಲು, ಎಲ್ಲ ಹಾಗೆಯೇ ತೀರ್ಮಾನ. ನನಗೂ ಇದು ಗೊತ್ತಿತ್ತು, ಆದರೆ ಆ ಕ್ಷಣ ನೆನಪಾಗಲಿಲ್ಲ. ಮೂರು ಸಲ ಒಂದೇ ಉತ್ತರ ಬಂತಲ್ಲ ಎಂದು ನಾನು ಖುಷಿಯಲ್ಲಿದ್ದೆ. ತಿರುಗಿ ನೋಡಿದರೆ ಕಾಕಾ ಗದ್ದವನ್ನು ಎದೆಗೆ ಊರಿ ನಿದ್ದೆ ಹೋಗಿದ್ದರು. ಜೊಲ್ಲು ಅಂಗಿಯ ಮೇಲೆ ಇಳಿದಿತ್ತು. ಸಿದ್ಧಾರಾಮನ ಕುರ್ಚಿ ಖಾಲಿ.

ಆ ಯಂತ್ರಕ್ಕೆ 'ಗೊತ್ತಿಲ್ಲ' ಅನ್ನಲು ಬರುತ್ತಿರಲಿಲ್ಲ. ಐದು ಹೆಸರು ಕೊಟ್ಟರೆ ಐದರಲ್ಲಿ ಒಂದನ್ನು ಅದು ಆರಿಸಲೇಬೇಕು. ಫೇಟಾದೊಳಗೆ ಮಲಗಿದ ಮನುಷ್ಯನ ತಲೆ ಇದ್ದರೂ ಅಷ್ಟೇ, ಕುಂಬಳಕಾಯಿ ಇದ್ದರೂ ಅಷ್ಟೇ. ನಿದ್ದೆಯ ಅಲೆ ಒಂದೇ ಸಮನಾಗಿರುತ್ತದೆ, ಹಾಗಾಗಿ ಉತ್ತರವೂ ಒಂದೇ. ಇದನ್ನು ಸಿದ್ಧಾರಾಮನಿಗೆ ಮೊದಲೇ ಹೇಳಬೇಕಿತ್ತು. ಜಿನೆಯ ಮೆಟ್ಟಿಲು ಇಳಿದು ಗೇಟಿನವರೆಗೆ ಓಡಿದೆ, ಅವನ ಮೋಟಾರ್‌ಸೈಕಲ್ ಇರಲಿಲ್ಲ. ಹತ್ತು ಸಲ ಫೋನ್ ಮಾಡಿದೆ. ಎತ್ತಲಿಲ್ಲ.

ಉಳಿದದ್ದು ನಾನು ಆಮೇಲೆ ಕೇಳಿ ತಿಳಿದದ್ದು. ಅವನು ಊರು ಮುಟ್ಟಿದಾಗ ಇನ್ನೂ ಬಿಸಿಲಿತ್ತು. ಮಲ್ಲಿನಾಥ ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಪಂಪಿಗೆ ನೀರು ಹುಯ್ಯುತ್ತಿದ್ದ. ಹಿಂದಿನಿಂದ ಸಿದ್ಧಾರಾಮ ಅವನ ಹೆಸರು ಹಿಡಿದು ಕರೆದ. ಅವನು ತಿರುಗಿದ. ಕಬ್ಬು ಕಡಿಯುವ ಕೊಯ್ತಾ ಮೇಲೆದ್ದದ್ದು ಕಂಡು ಬಲಗೈ ಅಡ್ಡ ತಂದ. ಮೊದಲ ಏಟಿಗೆ ಮೊಣಕೈಯ ಕೆಳಗೆ ಎಲುಬು ತುಂಡಾಗಿ ಕೈ ಚರ್ಮಕ್ಕೆ ಜೋತುಬಿತ್ತು. ಎರಡನೆಯದು ಹೆಗಲಿಗೆ ಇಳಿಯಿತು. ಮೂರನೆಯದು ಗುರಿ ತಪ್ಪಿ ರಬ್ಬರ್ ಪೈಪಿನೊಳಗೆ ಸಿಕ್ಕಿಕೊಂಡಿತು, ಅದನ್ನು ಕಿತ್ತುಕೊಳ್ಳುವಷ್ಟರಲ್ಲಿ ಜನ ಬಂದರು. ದಂಡೆಯ ಕಲ್ಲಿನ ಮೇಲೆಲ್ಲ ರಕ್ತ ಹರಿದು ಕೆಸರು ಕೆಂಪಾಗಿತ್ತಂತೆ. ಸಿದ್ಧಾರಾಮ ಓಡಲಿಲ್ಲ. ಹಿನ್ನೀರಿನಲ್ಲಿ ಕೊಯ್ತಾ ತೊಳೆದು, ಪಕ್ಕದಲ್ಲಿಟ್ಟುಕೊಂಡು, ಪೊಲೀಸರು ಬರುವವರೆಗೆ ಕೂತಿದ್ದ. ನ್ಯಾಯ ಮುಗಿಯಿತು ಎಂದುಕೊಂಡಿದ್ದ.

ಮೂರನೆಯ ದಿನ ಕಾಕು ಕಾಕಾನನ್ನು ಕರೆದುಕೊಂಡು ಪ್ರಯೋಗಾಲಯಕ್ಕೆ ಬಂದರು. ಅಷ್ಟರಲ್ಲಿ ನಾನು ಯಂತ್ರಕ್ಕೆ ಸುಮ್ಮನಿರುವುದನ್ನು ಕಲಿಸಿದ್ದೆ. ಅಲೆ ಸ್ಪಷ್ಟವಿಲ್ಲದಿದ್ದರೆ ಪೆಟ್ಟಿಗೆ ಬಾಯಿ ಬಿಡುವುದಿಲ್ಲ. ಒಂದು ಸಂಜೆಯ ಕೆಲಸ. ಮೊದಲೇ ಮಾಡಿದ್ದರೆ ಒಂದು ಕೈ ಉಳಿಯುತ್ತಿತ್ತು. ಕಾಕುವಿಗೆ ಎಲ್ಲವನ್ನೂ ಹೇಳಿದೆ, ಕಾಕಾ ನಿದ್ದೆ ಮಾಡುತ್ತಿದ್ದುದನ್ನೂ. ಅವರು ಬೈಯಲಿಲ್ಲ.

"ಇವತ್ತ ನಾ ಕೇಳತೀನಿ. ನೀ ಸುಮ್ಮ ಕೂಡು," ಅಂದು ಗಂಡನ ಎದುರಿಗೆ ಕುರ್ಚಿ ಎಳೆದುಕೊಂಡರು. "ಮಲ್ಲಿನಾಥ ಹೊಡದಾನೇನ್ರಿ?"

'ಅಲ್ಲ.'

ಉಳಿದ ನಾಲ್ಕೂ ಹೆಸರು ಕೇಳಿದರು. ನಾಲ್ಕಕ್ಕೂ 'ಅಲ್ಲ'. ಕಾಕು ಗಂಡನ ಮುಖವನ್ನೇ ನೋಡಿದರು. ನಲವತ್ತು ವರ್ಷ ಆ ಮುಖ ನೋಡಿ, ಏಟು ಯಾವಾಗ ಬರುತ್ತದೆಂದು ಅಂದಾಜು ಮಾಡಿ ಬದುಕಿದ ಹೆಂಗಸು.

"ಅವರ ಪೈಪ್ ಒಡಿಯಾಕ ಹೋಗಿದ್ರೇನು?"

ಪೆಟ್ಟಿಗೆ ಸುಮ್ಮನಿತ್ತು. ಕಾಕು ಅದೇ ಪ್ರಶ್ನೆಯನ್ನು ಅದೇ ದನಿಯಲ್ಲಿ ಮತ್ತೆ ಕೇಳಿದರು.

'ಹೌದು.'

"ಪಂಪ್ ಚಾಲೂ ಇತ್ತೇನು?"

'ಹೌದು.'

"ನೀವು ಬಡದದ್ದಕ್ಕ ಅದು ಸಿಡದು ನಿಮಗ ಬಡದೈತಿ. ಯಾರೂ ಹೊಡದಿಲ್ಲ."

'ಹೌದು.' ಜೈಲಿನಲ್ಲಿದ್ದ ಮಗನ ದನಿಯಲ್ಲಿ.

ಪಂಪು ಓಡುವಾಗ ನೀರು ತುಂಬಿದ ಪೈಪಿನ ಜೋಡಣೆಗೆ ಸುತ್ತಿಗೆಯಿಂದ ಹೊಡೆದರೆ ಅದರ ಕಬ್ಬಿಣದ ಮುಚ್ಚಳ ಗುಂಡಿನ ಥರ ಹಾರುತ್ತದೆ ಎಂದು ಆ ಕಡೆಯ ರೈತರೆಲ್ಲರಿಗೂ ಗೊತ್ತು. ಕಾಕಾನಿಗೂ ಗೊತ್ತಿತ್ತು, ಸಿಟ್ಟಿನಲ್ಲಿ ಮರೆತರು. ಮಲ್ಲಿನಾಥ ಆಸ್ಪತ್ರೆಯಲ್ಲಿ ಕೊಟ್ಟ ಹೇಳಿಕೆಯಲ್ಲಿ ಉಳಿದದ್ದಿತ್ತು. ಒಡೆದ ಪೈಪನ್ನು ಅವನು ಅವತ್ತೇ ನೋಡಿದ್ದ. ಹೇಳಿದರೆ ನೀನೇ ಹೊಡೆದು ಕಥೆ ಕಟ್ಟುತ್ತೀ ಅನ್ನುತ್ತಾರೆಂಬ ಹೆದರಿಕೆಯೂ ಇತ್ತು, ಮುದುಕನ ಮಾನ ಹೋಗುವುದು ಬೇಡವೆಂದೂ ಅನ್ನಿಸಿತ್ತು. ಸದ್ದಿಲ್ಲದೆ ರಿಪೇರಿ ಮಾಡಿಸಿದ್ದ.

ನನಗೆ ತಡೆಯಲಾಗಲಿಲ್ಲ. "ಮತ್ತ ನಾ ಕೇಳಿದಾಗ ಹೊಡದಾರ ಅಂತ ಯಾಕಂದ್ರಿ ಕಾಕಾ?" ಅವರು ಕಿಟಕಿಯ ಕಡೆ ಮುಖ ತಿರುಗಿಸಿದರು. ತನ್ನ ಏಟಿಗೆ ತಾನೇ ಬಿದ್ದೆ ಅನ್ನುವುದಕ್ಕಿಂತ ಯಾರೋ ಹೊಡೆದು ಕೆಡವಿದರು ಅನ್ನುವುದು ಅವರಿಗೆ ಚಂದ ಕಂಡಿತ್ತು. ಮನಸ್ಸಿನೊಳಗಿನ ಮಾತೆಂದರೆ ಸತ್ಯ ಎಂದು ನಾನು ನಂಬಿದ್ದೆ. ನಮ್ಮ ಯಂತ್ರ ಹಿಡಿಯುವುದು ಮನುಷ್ಯ ತನ್ನೊಳಗೆ ಆಡುವ ಮಾತನ್ನು, ಸುಳ್ಳೂ ಮೊದಲು ಹುಟ್ಟುವುದು ಅಲ್ಲೇ. ಆ ದಿನ ನಾನು ಅವರನ್ನು ಮನಸಾರೆ ದ್ವೇಷಿಸಿದೆ. ನನ್ನನ್ನೂ.

ಹೋಗುವಾಗ ಕಾಕು ಬಾಗಿಲಲ್ಲಿ ನಿಂತರು. "ತಂಗಿ, ಇವರಿಗೆ ಇನ್ನೊಂದು ಮಾತು ಕಲಿಸು. ತಪ್ಪಾತು ಅನ್ನೋದು. ಜಲ್ಮದಾಗ ಯಾರಿಗೂ ಅಂದಿಲ್ಲ. ಆ ಹುಡುಗಗ ಅನ್ನಲಿ."

ದನಿ ತುಂಬಲು ಮಗ ಇರಲಿಲ್ಲ, ಕಾಕುವೇ ತುಂಬಿದರು. ನಾನು ಹಳೆಯ ಹೆಸರುಗಳನ್ನೆಲ್ಲ ಅಳಿಸುತ್ತಾ ಹೋದೆ. ಮಲ್ಲಿನಾಥನ ಹೆಸರಿಗೆ ಬಂದಾಗ ಕಾಕಾ ನನ್ನ ಮಣಿಕಟ್ಟು ಹಿಡಿದರು, ನೋಯುವಂತೆ. ಅವರಿಗೆ ಆ ಹೆಸರು ಬೇಕಿತ್ತು. ಕರೆದು ಹೇಳುವ ಮನಸ್ಸಿತ್ತು. ಅಳಿಸದೆ ಬಿಟ್ಟೆ. ಆಮೇಲೆ ಮೂರು ವಾರ ಅವರು ದಿನ ಬಿಟ್ಟು ದಿನ ಬಂದರು. ಮೊದಮೊದಲು 'ತಪ್ಪಾತು' ಮೂಡಿದರೆ ಹೆಸರುಗಳಿಗಿಂತ ಗಟ್ಟಿಯಾಗಿ ಹಲ್ಲು ಕಚ್ಚುತ್ತಿದ್ದರು, ಹಣೆಯ ನರ ಉಬ್ಬುತ್ತಿತ್ತು. ಒಂದು ದಿನ ಪರದೆಯನ್ನೇ ಗುದ್ದಿ ಬಿರುಕು ಬಿಡಿಸಿದರು. ಆದರೆ ಮುಂದಿನ ಸರದಿಗೆ ಮತ್ತೆ ಬಂದು ಕೂತರು. ನಿಧಾನಕ್ಕೆ ದವಡೆ ಸಡಿಲವಾಯಿತು. ಕೊನೆಯ ವಾರ ಕೇಳಿದಾಗೆಲ್ಲ ಪೆಟ್ಟಿಗೆ ಕಾಕುವಿನ ದನಿಯಲ್ಲಿ ಸ್ಪಷ್ಟವಾಗಿ 'ತಪ್ಪಾತು' ಅನ್ನುತ್ತಿತ್ತು.

ಮಲ್ಲಿನಾಥ ಇನ್ನೂ ಸೊಲ್ಲಾಪುರದ ಆಸ್ಪತ್ರೆಯಲ್ಲಿದ್ದ, ಗಾಯ ಕೀವಾಗಿ ಎರಡನೆಯ ಸಲ ಕೊಯ್ದಿದ್ದರು. ಭೇಟಿಯ ಹೊತ್ತಿಗೆ ನಾವು ಮೂವರೂ ಹೋದೆವು. ಕಾಕಾ ಹೊಸ ಫೇಟಾ ಸುತ್ತಿಸಿಕೊಂಡಿದ್ದರು, ಪೆಟ್ಟಿಗೆ ನನ್ನ ಕೈಯಲ್ಲಿತ್ತು. ಮಲ್ಲಿನಾಥ ಗೋಡೆಗೆ ಮುಖ ಮಾಡಿ ಮಲಗಿದ್ದ. ಕಾಕಾ ಮಂಚದ ಹತ್ತಿರ ನಿಂತರು.

'ಮಲ್ಲಿನಾಥ' ಅಂದಿತು ಪೆಟ್ಟಿಗೆ.

ಅದು ಸಿದ್ಧಾರಾಮನ ದನಿ. ದಂಡೆಯ ಮೇಲೆ ಹಿಂದಿನಿಂದ ಕರೆದ ದನಿ. ಆ ಒಂದು ಹೆಸರನ್ನು ಬೇರೆ ಯಾರ ಬಾಯಿಂದಾದರೂ ತುಂಬಿಸಬೇಕೆಂದು ನಮ್ಮ ಮೂವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಮಲ್ಲಿನಾಥ ಹೊರಳಿ, ಕಿರುಚಿ, ತಲೆ ಉಳಿಸಿಕೊಳ್ಳಲು ಬಲಗೈ ಅಡ್ಡ ತಂದ. ಬಟ್ಟೆ ಸುತ್ತಿದ ಮೋಟು ಮಾತ್ರ ಮೇಲೆದ್ದಿತು. ಬಟ್ಟೆಯ ತುದಿಯಲ್ಲಿ ರಕ್ತ ಒಸರಿತು.

ಕಾಕಾ ಹಲ್ಲು ಕಚ್ಚಿದರು. ಅವರು ಆ ಮಾತನ್ನು ಅಂದುಕೊಳ್ಳುತ್ತಿದ್ದರೆಂದು ನಾನು ಆಣೆ ಮಾಡಿ ಹೇಳಬಲ್ಲೆ. ಕುತ್ತಿಗೆಯ ನರ ಹಗ್ಗದಂತೆ ಉಬ್ಬಿತ್ತು. ಪರದೆಯ ತುಂಬ ದವಡೆಯ ಗದ್ದಲ, ಕೆಳಗೆ ಏನೂ ಇಲ್ಲ. ನಾನು ಸುಮ್ಮನಿರಲು ಕಲಿಸಿದ ಯಂತ್ರ ಸುಮ್ಮನಿತ್ತು. "ಹಲ್ಲು ಸಡಲ ಬಿಡ್ರಿ ಕಾಕಾ," ಅಂದೆ. ಅವರಿಗೆ ಕೇಳಿಸಲಿಲ್ಲ. ಎಡಗೈ ಮುಷ್ಟಿ ಕಟ್ಟಿ ತಮ್ಮ ಬಾಯಿಗೇ ಗುದ್ದಿಕೊಂಡರು. ಮತ್ತೆ ಗುದ್ದಿದರು. ತುಟಿ ಒಡೆದು ಒಂದು ಹಲ್ಲು ಹೊರಬಿತ್ತು, ಅಂಗಿಯ ಎದೆಯೆಲ್ಲ ರಕ್ತ. ಕಾಕು ಹಿಡಿಯಲು ಹೋಗಿ ಗೋಡೆಗೆ ಬಡಿದು ನೆಲಕ್ಕೆ ಬಿದ್ದರು.

ಕೊನೆಗೆ ಆ ಕೈ ಹಿಡಿದವನು ಮಲ್ಲಿನಾಥ, ಉಳಿದ ಒಂದು ಕೈಯಿಂದ. ಮಂಚದಿಂದ ಅರ್ಧ ಎದ್ದು, ಅದರ ಜೋರು ಇಳಿಯುವವರೆಗೂ ಗಟ್ಟಿಯಾಗಿ ಹಿಡಿದ.

"ಸಾಕ ಮಾಡ್ರಿ ಕಾಕಾ," ಅಂದ. ಆಮೇಲೆ ಬಿಟ್ಟ. "ಇನ್ನ ಹೋಗ್ರಿ. ಮತ್ತ ಬರಬ್ಯಾಡ್ರಿ."

ನೆಲಕ್ಕೆ ಬಿದ್ದಿದ್ದ ಕಾಕು ಎದ್ದು, "ತಪ್ಪಾತಪ್ಪಾ," ಅಂದರು.

"ನೀವ್ಯಾಕ ಅಂತೀರಿ ಕಾಕು," ಅಂದು ಅವನು ಮತ್ತೆ ಗೋಡೆಯ ಕಡೆ ಹೊರಳಿದ.

ನಾವು ಮತ್ತೆ ಹೋಗಲಿಲ್ಲ. ಕಾಕಾ ಆಮೇಲೂ ಎರಡು ತಿಂಗಳು ಪ್ರಯೋಗಾಲಯಕ್ಕೆ ಬರುತ್ತಿದ್ದರು. ಬೇರೆ ಶಬ್ದ ಮೂಡಿಸಿದರೆ ಮುಖ ತಿರುಗಿಸುತ್ತಿದ್ದರು. ಒಂದೇ ಮಾತು ಬೇಕಿತ್ತು. ಖಾಲಿ ಕೋಣೆಯಲ್ಲಿ, ದವಡೆ ಸಡಿಲ ಬಿಟ್ಟು, ಪಾಠ ಒಪ್ಪಿಸುವವರ ಹಾಗೆ ಅದನ್ನೇ ಅಂದುಕೊಳ್ಳುತ್ತಾ ಕೂರುತ್ತಿದ್ದರು. ಆ ಅಲೆಗಳೆಲ್ಲ ನನ್ನ ಕಂಪ್ಯೂಟರಿನಲ್ಲಿವೆ, ಸ್ವಚ್ಛವಾಗಿ, ಸಾವಿರದ ಮೇಲೆ. ಒಂದು ತಪ್ಪಿಗೆ ಅಷ್ಟು ಸಲ ತಪ್ಪಾತು ಅಂದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಕೇಳಬೇಕಾದವನು ಒಂದು ಸಲವೂ ಕೇಳಲಿಲ್ಲ.